ಕತ್ತಿನ ನೋವಿಗೆ ವ್ಯಾಯಾಮ

ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡರೆ ದಿಂಬನ್ನು ಬೈದು ಸುಮ್ಮನಾಗುತ್ತೇವೆ. ಅದು ನಾಲ್ಕು ದಿನದಲ್ಲಿ ಹೋಗುವ ನೋವು. ಮೂರು ತಿಂಗಳಾದರೂ ಬಿಡದ ನೋವಿನ ಮಾತು ಬೇರೆ. ಅದಕ್ಕೆ ಸಿಕ್ಕಿದವರು ಕತ್ತನ್ನು ಅಲುಗಿಸಲು ಅಂಜುತ್ತಾರೆ. ಪಟ್ಟಿ ಕಟ್ಟಿಕೊಂಡು ವಿಶ್ರಾಂತಿ ಪಡೆಯುತ್ತಾರೆ. ಅನೇಕ ವೇಳೆ ಈ ಅತಿ ವಿಶ್ರಾಂತಿಯೇ ನೋವನ್ನು ಉಳಿಸಿಕೊಂಡು ಬರುತ್ತದೆ.

ಕಾರಣ ಸರಳವಾದುದು. ನಾಲ್ಕೈದು ಕಿಲೋಗ್ರಾಂ ತೂಗುವ ತಲೆಯನ್ನು ಕತ್ತಿನ ಏಳು ಮಣಿಗಳು ಹೊತ್ತಿವೆ. ಅದನ್ನು ನೆಟ್ಟಗೆ ಹಿಡಿದಿರುವವು ಸ್ನಾಯುಗಳು. ಹೊಲಿಗೆಯ ಯಂತ್ರ, ಕಚೇರಿಯ ಮೇಜು, ಕೈಯ ಮೊಬೈಲು, ಯಾವುದರ ಮೇಲಾದರೂ ಗಂಟೆಗಟ್ಟಲೆ ಬಾಗಿದ್ದರೆ ಅವು ದಣಿಯುತ್ತವೆ. ಕೆಲಸವಿಲ್ಲದೆ ಬಿಟ್ಟರೆ ಸೊರಗುತ್ತವೆ.

ಫಿನ್ಲೆಂಡ್ ದೇಶದಲ್ಲಿ ಕತ್ತಿನ ನೋವಿದ್ದ, ಕಚೇರಿ ಕೆಲಸದ 180 ಮಂದಿ ಮಹಿಳೆಯರನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಒಂದು ಗುಂಪು ತಲೆಯಿಂದ ರಬ್ಬರ್ ಪಟ್ಟಿಯನ್ನು ಎಳೆದು ಬಲ ಬೆಳೆಸಿತು. ಇನ್ನೊಂದು ಮಲಗಿ ತಲೆಯನ್ನು ಎತ್ತಿ ಇಳಿಸಿತು. ಮೂರನೆಯ ಗುಂಪಿನವರಿಗೆ ನಡಿಗೆಯಂಥ ಸಾಧಾರಣ ವ್ಯಾಯಾಮ ಮತ್ತು ಸ್ನಾಯುಗಳನ್ನು ಮೆಲ್ಲಗೆ ಎಳೆದು ಸಡಿಲಿಸುವ ಅಭ್ಯಾಸ ಮಾತ್ರ. ವರ್ಷದ ಕೊನೆಗೆ ಮೊದಲೆರಡು ಗುಂಪುಗಳ ನೋವು ಮೂರನೆಯದಕ್ಕಿಂತ ಬಹಳ ಹೆಚ್ಚಾಗಿ ಇಳಿದಿತ್ತು. ಕತ್ತನ್ನು ಸಡಿಲಿಸಿದರಷ್ಟೇ ಸಾಲದು, ಅದಕ್ಕೆ ಬಲವನ್ನೂ ಕೊಡಬೇಕು ಎಂಬುದೇ ಇದರ ಸಾರ.

ಮನೆಯಲ್ಲಿ ಹೀಗೆ ಆರಂಭಿಸಬಹುದು. ನೆಟ್ಟಗೆ ಕುಳಿತು ಅಂಗೈಯನ್ನು ಹಣೆಗಿಡಿ. ತಲೆ ಕೈಯನ್ನು ಒತ್ತಲಿ, ಕೈ ತಲೆಯನ್ನು ತಡೆಯಲಿ. ತಲೆ ಮಾತ್ರ ಅಲುಗಕೂಡದು. ಐದು ಎಣಿಸಿ ಬಿಡಿ. ಹೀಗೆಯೇ ಹಿಂದಲೆಗೂ ಎರಡು ಪಕ್ಕಗಳಿಗೂ ಐದೈದು ಸಲ. ಮೊದಲು ಒತ್ತಡ ಹಗುರವಾಗಿರಲಿ. ವಾರ ವಾರಕ್ಕೆ ಹೆಚ್ಚಿಸಿ. ಉಸಿರು ಬಿಗಿಹಿಡಿಯಬೇಡಿ. ಮೊದಮೊದಲು ಸ್ನಾಯು ಕೊಂಚ ನೊಂದರೆ ಹೆದರಬೇಕಾಗಿಲ್ಲ. ಮರುದಿನಕ್ಕೂ ನೋವು ಏರಿದ್ದರೆ ಒತ್ತಡ ತಗ್ಗಿಸಿ.

ಕ್ಷೌರದಂಗಡಿಯಲ್ಲಿ ಕತ್ತನ್ನು ಥಟ್ಟನೆ ತಿರುಗಿಸಿ ನೆಟಿಗೆ ತೆಗೆಸುವ ರೂಢಿ ಮಾತ್ರ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿಯೇ ಇವೆ. ಅವಕ್ಕೆ ಪೆಟ್ಟಾದರೆ ಪಾರ್ಶ್ವವಾಯು ಬಡಿದೀತು. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಜ್ವರ ಬಂದರೆ, ಬಿದ್ದು ಪೆಟ್ಟಾಗಿದ್ದರೆ ವ್ಯಾಯಾಮವನ್ನು ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು.

ಒಂದು ವಾರ ಮಾಡಿ ಗುಣ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು. ಫಿನ್ಲೆಂಡಿನ ಆ ಮಹಿಳೆಯರ ಲೆಕ್ಕ ವಾರದ್ದಲ್ಲ, ವರ್ಷದ್ದು. ದಿನಕ್ಕೆ ಹತ್ತು ನಿಮಿಷ ಹೆಚ್ಚಿನ ಬೆಲೆಯೇನಲ್ಲ.