1.6 ತಗೊಳ್ಳೋದೋ, 1.8 ತಗೊಳ್ಳೋದೋ? ಹಳೆಯ ಮಿಯಾಟಾ ಹುಡುಕುವವರಿಗೆ

ಮಜ್ದಾ ಎಂದರೆ ನಮ್ಮ ಊರುಗಳಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು, ಶಾಲೆಯ ವ್ಯಾನು. ಆ ಹೆಸರಿನ ಜಪಾನಿ ಕಂಪನಿ ಹಿರೋಶಿಮಾದಲ್ಲಿ ಕಟ್ಟಿದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಭಾರತದ ಶೋರೂಮಿಗೆ ಬರಲೇ ಇಲ್ಲ. ಅಮೆರಿಕದಲ್ಲಿ ಮಾತ್ರ ಅದು ಬೀದಿಬೀದಿಯಲ್ಲಿ ಕಾಣುವ ಕಾರು. ಅಧಿಕೃತ ಹೆಸರು ಎಂಎಕ್ಸ್-5, ಅಲ್ಲಿನವರ ಬಾಯಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಅಲ್ಲಿ ನೆಲೆಸಿರುವ ನಮ್ಮವರಲ್ಲೂ, ಮನೆಮಂದಿಗೆಲ್ಲ ಸಾಲುವ ಕಾರು ಕೊಂಡಾದ ಮೇಲೆ ಭಾನುವಾರದ ಖುಷಿಗೆಂದು ಹಳೆಯ ಮಿಯಾಟಾ ಹುಡುಕುವವರಿದ್ದಾರೆ. ಅವರಿಗೆ ಎದುರಾಗುವ ಮೊದಲ ಪ್ರಶ್ನೆ: 1.6 ಲೀಟರಿನದೋ, 1.8 ಲೀಟರಿನದೋ?

ಹೆಡ್‌ಲೈಟು ಕಣ್ಣು ತೆರೆದಂತೆ ಮೇಲೇಳುವ ಮೊದಲ ತಲೆಮಾರಿನ ಕಾರುಗಳ ವಿಷಯ ಇದು. 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೊ ಷೋದಲ್ಲಿ ಹೊರಬಂದ ಈ ಮಾದರಿ 1997ರವರೆಗೆ ನಡೆಯಿತು. ಎಂಜಿ, ಟ್ರಯಂಫ್‌ನಂಥ ಬ್ರಿಟಿಷ್ ಕಾರುಗಳು ಕೊಡುತ್ತಿದ್ದ ಸುಖ ಬೇಕು, ಅವುಗಳ ಆಯಿಲ್ ಸೋರಿಕೆ, ವೈರಿಂಗ್ ಕಾಟ ಬೇಡ. ಈ ಕಾರಿನ ಹುಟ್ಟಿನ ಹಿಂದಿದ್ದ ಯೋಚನೆ ಇಷ್ಟೇ. ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ ಮಜ್ದಾದವರ ಕಿವಿಗೆ ಹಾಕಿದ ಮಾತನ್ನು ತೋಶಿಹಿಕೊ ಹಿರಾಯ್ ಎಂಬ ಎಂಜಿನಿಯರ್ ಕಾರಾಗಿಸಿದರು. ಎಂಜಿನ್ ಮುಂದೆ, ಎಳೆತ ಹಿಂದಿನ ಗಾಲಿಗೆ, ತೂಕ ಹೆಚ್ಚುಕಡಿಮೆ ಎರಡೂ ತುದಿಗೆ ಸರಿಸಮ.

ಅಮೆರಿಕದಲ್ಲಿ 1990ರಿಂದ 93ರವರೆಗಿನ ಮಾದರಿಗಳಿಗೆ 1597 ಸಿಸಿಯ, 116 ಅಶ್ವಶಕ್ತಿಯ ಎಂಜಿನ್ನು. 1994ರಿಂದ 1839 ಸಿಸಿ, 128 ಅಶ್ವಶಕ್ತಿ; 1996ರಲ್ಲಿ ಅದು 133 ಆಯಿತು. ಕಾಗದದ ಮೇಲೆ ತೀರ್ಪು ಆಗಿಯೇ ಹೋಯಿತು ಅನ್ನಿಸುತ್ತದೆ. ಆದರೆ 1.8 ಬಂದಾಗ ಕಾರು ಸುಮಾರು 50 ಕಿಲೋ ಭಾರವೂ ಆಯಿತು. ಚಾಸಿಗೆ ಬಿಗಿ ಬರಲೆಂದು ಅಡಿಯಲ್ಲಿ ಹೆಚ್ಚುವರಿ ಪಟ್ಟಿಗಳು ಬಂದವು, ಪಕ್ಕದ ಸೀಟಿಗೂ ಏರ್‌ಬ್ಯಾಗ್ ಬಂತು. ಇನ್ನೊಂದು ಸಂಗತಿಯನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ: ಹಿಂದಿನ ಆಕ್ಸೆಲ್ಲಿನ ಗೇರ್ ಅನುಪಾತ 1.6ರಲ್ಲಿ 4.3, 1.8ರಲ್ಲಿ 4.1. ಎಂಜಿನ್ ಚಿಕ್ಕದಾದರೂ ಹಲ್ಲುಗಳ ಲೆಕ್ಕ ಅದರ ಪರವಾಗಿದೆ. ಹಾಗಾಗಿ ಊರೊಳಗಿನ ಓಡಾಟದಲ್ಲಿ ಎರಡಕ್ಕೂ ಕಾಣುವ ವ್ಯತ್ಯಾಸ ಕಡಿಮೆ. ಏರುದಾರಿಯಲ್ಲಿ, ಹೈವೇಯಲ್ಲಿ ಟಾಪ್ ಗೇರಿನಲ್ಲೇ ಓವರ್‌ಟೇಕ್ ಮಾಡಲು ಹೊರಟಾಗ 1.8 ಸ್ವಲ್ಪ ಸಲೀಸು. 1.6 ಚುರುಕಾಗಿ ಮೇಲೇರುತ್ತದೆ, ಏಳು ಸಾವಿರದ ಕೆಂಪು ಗೆರೆಯವರೆಗೂ ಉತ್ಸಾಹ ಕಳೆದುಕೊಳ್ಳುವುದಿಲ್ಲ. ಕಿವಿಗೆ ಹೆಚ್ಚು ಹಿತವಾದದ್ದು ಅದೇ ಎಂಬ ಪಕ್ಷಪಾತ ನನಗಿದೆ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ನನ್ನನ್ನು ಕೇಳಿದರೆ ಬಾನೆಟ್ ಅಡಿಯಲ್ಲಲ್ಲ, ಹಿಂದಿನ ಎರಡು ಗಾಲಿಗಳ ನಡುವೆ.

ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡಕ್ಕೂ ಬೇರೆಬೇರೆ ವೇಗ ಸಿಗುವಂತೆ ಎಳೆತವನ್ನು ಹಂಚುವುದು ಡಿಫರೆನ್ಷಿಯಲ್ ಕೆಲಸ. ಸಾಮಾನ್ಯ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯ ಇದೆ: ಕೊಡದಲ್ಲಿ ತೂತಿದ್ದ ಕಡೆಯೇ ನೀರು ಸೋರುವ ಹಾಗೆ, ಹಿಡಿತ ತಪ್ಪಿದ ಗಾಲಿಯ ಕಡೆಗೇ ಶಕ್ತಿಯೆಲ್ಲ ಹೋಗಿಬಿಡುತ್ತದೆ. ಒಳಗಾಲಿ ಸುಮ್ಮನೆ ಗಿರಗಿರ ತಿರುಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಇದನ್ನು ತಡೆಯುವುದೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್.

1.6ರಲ್ಲಿ ಇದು ಬಂದದ್ದು ವಿಸ್ಕಸ್ ರೂಪದಲ್ಲಿ, ಅದೂ ಎಲ್ಲ ಕಾರುಗಳಿಗಲ್ಲ. ದಪ್ಪನೆಯ ಸಿಲಿಕೋನ್ ದ್ರವದಲ್ಲಿ ತೆಳು ತಟ್ಟೆಗಳು ಅದ್ದಿರುತ್ತವೆ. ಒಂದು ಗಾಲಿ ಇನ್ನೊಂದಕ್ಕಿಂತ ಜೋರಾಗಿ ತಿರುಗಿದರೆ ದ್ರವ ಅದನ್ನು ಜಗ್ಗಿ ಹಿಡಿಯುತ್ತದೆ. ವ್ಯವಸ್ಥೆ ಜಾಣತನದ್ದೇ, ಆದರೆ ದ್ರವಕ್ಕೂ ವಯಸ್ಸಾಗುತ್ತದೆ. ಮೂವತ್ತು ದಾಟಿದ ಕಾರಿನಲ್ಲಿ ಅದರ ಹಿಡಿತ ಬಹುಪಾಲು ಹೋಗಿರುತ್ತದೆ ಎಂದೇ ಎಣಿಸಿ. 1994ರ ನಂತರದ 1.8ರಲ್ಲಿ ಆಯ್ಕೆಯಾಗಿ ಸಿಗುತ್ತಿದ್ದದ್ದು ಟಾರ್ಸೆನ್. ಇದರಲ್ಲಿ ದ್ರವದ ಮಾತೇ ಇಲ್ಲ. ಸುರುಳಿ ಹಲ್ಲಿನ ಗೇರುಗಳೇ ಒಂದಕ್ಕೊಂದು ತೀಡಿಕೊಂಡು, ಹಿಡಿತ ಇರುವ ಗಾಲಿಗೆ ಹೆಚ್ಚು ಎಳೆತ ದಾಟಿಸುತ್ತವೆ. ಒಂದು ಗಾಲಿ ಪೂರ್ತಿ ನೆಲ ಬಿಟ್ಟರೆ ಟಾರ್ಸೆನ್ನೂ ಕೈಚೆಲ್ಲುತ್ತದೆ ಎನ್ನುವುದು ಬೇರೆ ಮಾತು. ಆದರೆ ಸರಿಯಾಗಿ ಆಯಿಲ್ ಬದಲಿಸುತ್ತಿದ್ದರೆ ಅದು ಸವೆಯುವುದು ಬಲು ನಿಧಾನ.

ಗಾತ್ರದಲ್ಲೂ ವ್ಯತ್ಯಾಸ ಇದೆ. 1.6ರ ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರ ಆರು ಇಂಚಿನದು, 1.8ರದ್ದು ಏಳು. ಕಾರನ್ನು ಕಂಪನಿ ಕೊಟ್ಟ ಹಾಗೇ ಓಡಿಸುವವರಿಗೆ ಆರು ಇಂಚು ಧಾರಾಳ ಸಾಕು. ಮುಂದೆ ಟರ್ಬೊ ಹಾಕಿಸುವ ಆಸೆ ಇದ್ದರೆ, ಟ್ರ್ಯಾಕಿಗೆ ಹೋಗಿ ಕ್ಲಚ್ಚನ್ನು ಧಡಕ್ಕನೆ ಬಿಡುವ ಅಭ್ಯಾಸ ಇದ್ದರೆ, ಮುರಿಯುವುದು ಮೊದಲು ಅದೇ. ಏಳು ಇಂಚಿನದನ್ನು 1.6ಕ್ಕೆ ಕೂರಿಸಬಹುದು, ಜೊತೆಗೆ ಪ್ರೊಪೆಲ್ಲರ್ ಶಾಫ್ಟು, ಗಾಲಿಗೆ ಹೋಗುವ ಆಕ್ಸೆಲ್ ಶಾಫ್ಟುಗಳನ್ನೂ ಬದಲಿಸಬೇಕು. ಅಷ್ಟು ಖರ್ಚು ಮಾಡುವ ಬದಲು ಮೊದಲೇ 1.8 ಕೊಳ್ಳುವುದು ಲೇಸು.

ಮಾರುವವನು “ಲಿಮಿಟೆಡ್ ಸ್ಲಿಪ್ ಇದೆ” ಎಂದರೆ ನಂಬಿ ಕೂರಬೇಡಿ, ನೋಡುವುದು ಸುಲಭ. ಮುಂದಿನ ಗಾಲಿಗಳಿಗೆ ಅಡ್ಡ ಕಲ್ಲು ಕೊಟ್ಟು, ಹಿಂಬದಿಯನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಇಳಿದಿರಲಿ. ಒಂದು ಗಾಲಿಯನ್ನು ಕೈಯಿಂದ ತಿರುಗಿಸಿ. ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಒಳಗೆ ಏನೋ ಇದೆ, ಕೆಲಸವೂ ಮಾಡುತ್ತಿದೆ. ಎದುರು ದಿಕ್ಕಿಗೆ ತಿರುಗಿದರೆ ಅದು ಸಾಮಾನ್ಯದ್ದು, ಇಲ್ಲವೇ ಶಕ್ತಿಗುಂದಿದ ವಿಸ್ಕಸ್. ಎತ್ತುವಾಗ ಒಂದು ಎಚ್ಚರ: ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಸೇತುವೆಯಾಗಿ ಅಡಿಯಲ್ಲಿ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು ಹಾದುಹೋಗುತ್ತದೆ. ಜ್ಯಾಕನ್ನು ಅದಕ್ಕೆ ಕೊಡಬಾರದು.

1.6ರ ಮೇಲಿರುವ ಇನ್ನೊಂದು ದೂರು ಎಂಜಿನ್ನಿನ ಮುಂತುದಿಯದು. 1990ರ ಮತ್ತು 1991ರ ಮೊದಮೊದಲ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಟೈಮಿಂಗ್ ಬೆಲ್ಟ್ ತಿರುಗಿಸುವ ಚಕ್ರ ಕೂರುವುದು ಆ ಮೂತಿಯ ಮೇಲೆ. ಅದನ್ನು ಸ್ಥಾನದಲ್ಲಿ ಹಿಡಿಯಲು ಒಂದು ಸಣ್ಣ ಕೀಲಿ, ಬಿಗಿಯಲು ಒಂದೇ ಒಂದು ಬೋಲ್ಟು. ಬೋಲ್ಟು ಅಳತೆಗೆ ತಕ್ಕ ಬಿಗಿ ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಅಲುಗಾಡುತ್ತದೆ. ಅಲುಗಾಡುತ್ತಾ ಕೀಲಿ ಕೂರುವ ತೋಡು ಅಗಲವಾಗುತ್ತದೆ, ಟೈಮಿಂಗ್ ಜಾರುತ್ತದೆ, ಎಂಜಿನ್ ಸೊರಗುತ್ತದೆ. ಹಲವರು ಪ್ಲಗ್ಗು, ಇಂಜೆಕ್ಟರು ಬದಲಿಸುತ್ತಾ ಹಣ ಕಳೆದುಕೊಂಡ ಮೇಲೆ ಮೂಲ ಸಿಕ್ಕುತ್ತದೆ. ಕೆಟ್ಟಮೇಲೆ ಗಟ್ಟಿ ಅಂಟು ಹಾಕಿ ಕೂರಿಸುವ ದುರಸ್ತಿ ಒಂದಿದೆ. ಅದೂ ಆಗದಿದ್ದರೆ ಕ್ರ್ಯಾಂಕನ್ನೇ ಬದಲಿಸಬೇಕು.

ಪತ್ತೆ ಹಚ್ಚಲು ಎಂಜಿನ್ ಬಿಚ್ಚಬೇಕಿಲ್ಲ. ಮುಂದಿನ ಪುಲ್ಲಿಯ ನಡುವಿನ ಬೋಲ್ಟಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ನಂತರದ ಉದ್ದ ಮೂತಿ. ಗಿಡ್ಡದ್ದೆಲ್ಲ ಕೆಟ್ಟೇ ಕೆಡುತ್ತದೆ ಅಂತಲ್ಲ, ಇವತ್ತಿಗೂ ಸುಖವಾಗಿ ಓಡುತ್ತಿರುವವು ಬಹಳಷ್ಟಿವೆ. ಎಂಜಿನ್ ಚಾಲೂ ಮಾಡಿ ಆ ಬೋಲ್ಟಿನ ತಲೆ ನೋಡಿ. ಓಲಾಡದೆ ನೆಟ್ಟಗೆ ತಿರುಗುತ್ತಿದ್ದರೆ ಒಳ್ಳೆಯ ಲಕ್ಷಣ. ಇಲ್ಲೊಂದು ತಿರುವುಮುರುವು ಇದೆ. ಯಾವ ಹಳೆಯ ಕಾರಿನಲ್ಲೂ “ಟೈಮಿಂಗ್ ಬೆಲ್ಟ್ ಹೊಸದು” ಎಂದರೆ ಸಮಾಧಾನ ಪಡುತ್ತೇವೆ. ಗಿಡ್ಡ ಮೂತಿಯ 1.6ರಲ್ಲಿ ಮಾತ್ರ ಮರುಪ್ರಶ್ನೆ ಹಾಕಬೇಕು: ಯಾರು ಹಾಕಿದರು, ಬೋಲ್ಟನ್ನು ಟಾರ್ಕ್ ವ್ರೆಂಚ್ ಇಟ್ಟು ಬಿಗಿದರೇ, ಅಂದಾಜಿನ ಮೇಲೆ ಬಿಗಿದರೇ? ಬೆಲ್ಟ್ ಬದಲಿಸಲು ಬಿಚ್ಚುವುದೂ ಅದೇ ಬೋಲ್ಟನ್ನೇ. ಬೆಲ್ಟಿನ ಅವಧಿ 60,000 ಮೈಲಿ. ಅದು ದಾರಿಯಲ್ಲಿ ತುಂಡಾದರೂ ಈ ಎರಡೂ ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ. ಕಾರು ನಿಲ್ಲುತ್ತದೆ, ಎಂಜಿನ್ ಸಾಯುವುದಿಲ್ಲ.

ಉಳಿದ ವ್ಯತ್ಯಾಸಗಳು ಬೇಗ ಮುಗಿಯುತ್ತವೆ. ಮುಂದಿನ ಡಿಸ್ಕ್ 1.6ರಲ್ಲಿ 235 ಮಿಲಿಮೀಟರ್, 1.8ರಲ್ಲಿ 255, ಬೇಕೆನಿಸಿದರೆ 1.8ರ ಬ್ರೇಕನ್ನು 1.6ಕ್ಕೆ ಹಾಕಿಸಬಹುದು. ಒಳಹೋಗುವ ಗಾಳಿಯನ್ನು 1.6 ಒಂದು ಬಾಗಿಲಿನಂಥ ರೆಕ್ಕೆಯಿಂದ ಅಳೆಯುತ್ತದೆ, 1.8 ಕಾದ ತಂತಿಯಿಂದ. 1996, 97ರ ಕಾರುಗಳಲ್ಲಿ ಈಗಿನ ಸ್ಕ್ಯಾನರ್ ಚುಚ್ಚಿದರೆ ಮಾತನಾಡುವ ಒಬಿಡಿ-2 ಇದೆ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರ್ ಮುಳ್ಳಿನದು ಒಂದು ತಮಾಷೆ. 1994ರವರೆಗೆ ಅದು ನಿಜವಾದ ಒತ್ತಡ ತೋರಿಸುತ್ತಿತ್ತು, ಆಕ್ಸಿಲರೇಟರ್ ಒತ್ತಿದಂತೆ ಏರಿಳಿಯುತ್ತಿತ್ತು. 1995ರಿಂದ ಅದರ ಹಿಂದೆ ಇರುವುದು ಬರೀ ಸ್ವಿಚ್ಚು. ಒತ್ತಡ ಇದೆಯೆಂದರೆ ಮುಳ್ಳು ನಡುವೆ ಬಂದು ಅಲ್ಲಾಡದೆ ನಿಲ್ಲುತ್ತದೆ. ಆ ಮುಳ್ಳು ತೋರಿಸಿ “ನೋಡಿ, ಎಂಜಿನ್ ಎಷ್ಟು ಆರೋಗ್ಯವಾಗಿದೆ” ಎನ್ನುವವನಿಗೆ ಒಂದು ನಗು ಸಾಕು.

ಕಾರನ್ನು ನಿಜವಾಗಿ ಕೊಲ್ಲುವುದು ಎಂಜಿನ್ನೂ ಅಲ್ಲ, ಡಿಫರೆನ್ಷಿಯಲ್ಲೂ ಅಲ್ಲ, ತುಕ್ಕು. ಇದರಲ್ಲಿ 1.6, 1.8 ಎಂಬ ಭೇದ ಇಲ್ಲ. ಮಡಚುವ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡು ಪಕ್ಕದ ನಳಿಕೆಗಳ ಮೂಲಕ ಇಳಿದು, ಹಿಂದಿನ ಗಾಲಿಯ ಮುಂದೆ ಹೊರಬೀಳಬೇಕು. ತರಗೆಲೆ, ದೂಳು ಸೇರಿ ನಳಿಕೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆಯೊಳಗೆ ನಿಲ್ಲುತ್ತದೆ. ಅಲ್ಲಿಂದ ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗಿನ ಬಣ್ಣ ಉಬ್ಬುವ ಹೊತ್ತಿಗೆ ತಗಡು ಹೋಗಿರುತ್ತದೆ. ಹಿಂದಿನ ಗಾಲಿಯ ಮುಂಭಾಗದ ಆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ, ಕಾರ್ಪೆಟ್ ಎತ್ತಿ ತೇವ ಇದೆಯೇ ನೋಡಿ, ಒಂದು ಲೋಟ ನೀರು ಹುಯ್ದು ಕೆಳಗೆ ಬರುತ್ತದೆಯೇ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಕಾರಾದರೆ ಇನ್ನಷ್ಟು ಅನುಮಾನವಿರಲಿ. ಡೆಟ್ರಾಯಿಟ್ ಸುತ್ತ ಇರುವವರು ಕ್ಯಾಲಿಫೋರ್ನಿಯಾದಿಂದಲೋ ಅರಿಜೋನಾದಿಂದಲೋ ಕಾರು ತರಿಸಿ ಸಾಗಣೆ ವೆಚ್ಚ ಕೊಟ್ಟರೂ ನಷ್ಟವಿಲ್ಲ. ಬಿಸಿಲಿಗೆ ಬಣ್ಣ ಮಾಸಿದ, ಡ್ಯಾಶ್‌ಬೋರ್ಡ್ ಬಿರುಕುಬಿಟ್ಟ ಕಾರನ್ನು ಸರಿಪಡಿಸಬಹುದು. ತಗಡಿಲ್ಲದ್ದನ್ನು ಆಗುವುದಿಲ್ಲ.

ಹೆದರಿಸುವ, ಆದರೆ ಹೆದರಬೇಕಿಲ್ಲದ ಎರಡು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಚಾಲೂ ಮಾಡಿದಾಗ ಎಂಜಿನ್ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬರಬಹುದು. ವಾಲ್ವಿನ ಹೈಡ್ರಾಲಿಕ್ ಲಿಫ್ಟರುಗಳಿಗೆ ಆಯಿಲ್ ತುಂಬುವವರೆಗಿನ ಸದ್ದು ಅದು. ಬಿಸಿಯಾದಮೇಲೆ ನಿಂತರೆ ಚಿಂತೆ ಬೇಡ. ಎರಡನೆಯದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಆಯಿಲ್ ಜಿನುಗು. ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಗ್ಯಾರೇಜಿನವರು ದೊಡ್ಡ ಬಿಲ್ಲು ಹೇಳುತ್ತಾರೆ. ಬಹಳಷ್ಟು ಸಲ ಸೋರುತ್ತಿರುವುದು ಅದಕ್ಕಿಂತ ಮೇಲೆ, ಸಿಲಿಂಡರ್ ಹೆಡ್ಡಿನ ಹಿಂತುದಿಯ ಕ್ಯಾಮ್ ಆಂಗಲ್ ಸೆನ್ಸರಿನ ರಬ್ಬರ್ ಉಂಗುರದಿಂದ. ಉಂಗುರದ ಬೆಲೆ ಪುಡಿಗಾಸು. ಮಾರುವವನಿಗೆ ಇದು ತಿಳಿದಿಲ್ಲದಿದ್ದರೆ ಚೌಕಾಸಿಗೂ ಒಳ್ಳೆಯ ಅಸ್ತ್ರ.

ಇನ್ನು ತೀರ್ಮಾನ. ಏನೂ ಬದಲಿಸದೆ, ಹೇಗಿತ್ತೋ ಹಾಗೆಯೇ ಇಟ್ಟು, ಗುಡ್ಡದ ಅಂಕುಡೊಂಕು ರಸ್ತೆಯಲ್ಲಿ ಭಾನುವಾರ ಓಡಿಸುವ ಮನಸ್ಸಿದ್ದರೆ 1992, 93ರ 1.6 ಹುಡುಕಿ. ಹಗುರ ಮೈ, ಉದ್ದ ಮೂತಿಯ ಕ್ರ್ಯಾಂಕು, ನಿಜವಾದ ಆಯಿಲ್ ಮುಳ್ಳು, ಮೂರೂ ಒಟ್ಟಿಗೆ ಸಿಗುತ್ತವೆ. ದಿನಾ ಹೈವೇಯಲ್ಲಿ ಆಫೀಸಿಗೆ ಹೋಗುವವರು, ಟ್ರ್ಯಾಕಿನ ಹುಚ್ಚಿರುವವರು, ಮುಂದೊಂದು ದಿನ ಶಕ್ತಿ ಏರಿಸುವವರು ಟಾರ್ಸೆನ್ ಇರುವ 1994ರ ನಂತರದ 1.8 ತಗೊಳ್ಳಲಿ. ಟಾರ್ಸೆನ್ ಇಲ್ಲದ ಸಾದಾ 1.8ಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಆಟೊಮ್ಯಾಟಿಕ್ ಗೇರಿನದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ; ಕೈಯಲ್ಲಿ ಗೇರ್ ಹಾಕುವ ಸುಖಕ್ಕೆಂದೇ ಕಟ್ಟಿದ ಕಾರಿದು. ನೋಡಲು ಹೋದ 1.6 ತುಕ್ಕಿಲ್ಲದೆ ನಿಂತಿದ್ದು, ಮನಸ್ಸಿನಲ್ಲಿದ್ದ 1.8 ಬಾಗಿಲ ಕೆಳಗೆ ಕೊಳೆತಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಮರೆತು 1.6 ತಗೊಳ್ಳಿ. ಕೊಂಡ ವಾರವೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಬದಲಿಸಲು, ಡಿಫರೆನ್ಷಿಯಲ್ ಆಯಿಲ್ ಹೊಸದು ಹಾಕಿಸಲು ಸ್ವಲ್ಪ ಹಣ ಬೇರೆ ತೆಗೆದಿಡಿ. ಮುಂಗಡ ಕೊಡುವ ಮುನ್ನ ಆ ಮೊತ್ತವನ್ನೂ ಕಾರಿನ ಬೆಲೆಗೆ ಸೇರಿಸಿಯೇ ಎರಡನ್ನೂ ಹೋಲಿಸಿ.