ಹೊಟ್ಟೆ ತುಂಬಿದ ಹಸುವಿಗೆ ಹಾಲೇಕಿಲ್ಲ?

ಕಲಾ ವಿಭಾಗದವನೊಬ್ಬ ಹುಲ್ಲು ಹೊಟ್ಟುಗಳ ಮೇಲೆ ಬರೆಯಹೊರಟದ್ದನ್ನು ಕಂಡು ಗೆಳೆಯರು ನಗಬಹುದು. ನಗಲಿ. ನನ್ನ ಕಾಲೇಜಿನ ಫೀಜು ಬರುವುದು ನಮ್ಮ ಮನೆಯ ಒಂದೇ ಒಂದು ಸೀಮೆಹಸುವಿನ ಹಾಲಿನಿಂದ.

ಕಳೆದ ವರ್ಷ ಮಳೆ ಕೈಕೊಟ್ಟು ರಾಗಿ ಕೆಟ್ಟಿತು, ಬಣವೆ ಏಳಲಿಲ್ಲ. ಅಪ್ಪ ಸಾಲ ಮಾಡಿ ಬತ್ತದ ಹುಲ್ಲು ತಂದರು. ಹಸು ಹೊಟ್ಟೆತುಂಬ ತಿಂದಿತು. ಹಾಲು ಮಾತ್ರ ಎಂಟು ಲೀಟರಿನಿಂದ ಐದಕ್ಕೆ ಇಳಿಯಿತು. "ಯಾರದೋ ಕಣ್ಣು ಬಿತ್ತು ಕಣೋ" ಎಂದು ಅಮ್ಮ ನಿವಾಳಿಸಿದಳು.

ಕಾರಣ ಕಣ್ಣಲ್ಲ, ಮೇವು. ಹುಲ್ಲಿನ ನಾರನ್ನು ಅರಗಿಸುವುದು ವಾಸ್ತವವಾಗಿ ಹಸುವಲ್ಲ. ಅದರ ಮೊದಲ ಹೊಟ್ಟೆಯಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವಕ್ಕೆ ಸಾರಜನಕ ಬೇಕು. ಮೇವಿನಲ್ಲಿ ನೂರಕ್ಕೆ ಸುಮಾರು 7 ಭಾಗವಾದರೂ ಪ್ರೋಟೀನ್ ಇಲ್ಲದಿದ್ದರೆ ಅವು ಸೊರಗುತ್ತವೆ, ಹುಲ್ಲು ಕರಗದೆ ಹೊಟ್ಟೆಯಲ್ಲೇ ತಂಗುತ್ತದೆ. ಆಗ ಹಸು ಹೊಟ್ಟೆ ತುಂಬಿಯೂ ಉಪವಾಸ. ಬತ್ತದ ಹುಲ್ಲಿನಲ್ಲಿರುವುದು 3-4 ಭಾಗವಷ್ಟೆ. ಅದರಲ್ಲಿ ಸಿಲಿಕವೂ ಹೆಚ್ಚು. ಜೊತೆಗಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ಹುಲ್ಲಿನಲ್ಲೂ ಪ್ರೋಟೀನ್ ಅಷ್ಟೇನಿಲ್ಲ, ಆದರೆ ಅದು ಚೆನ್ನಾಗಿ ಅರಗುತ್ತದೆ, ಸುಣ್ಣದ ಅಂಶವೂ ಹೆಚ್ಚು. ನಮ್ಮ ಹಿರಿಯರು ರಾಗಿಯನ್ನು ಕಾಳಿನಷ್ಟೇ ಹುಲ್ಲಿಗಾಗಿಯೂ ಬೆಳೆದದ್ದು ಸುಮ್ಮನೆ ಅಲ್ಲ.

ಪಶುವೈದ್ಯರು ಹೇಳಿದ ಉಪಾಯ ಇದು: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡುವುದು. ಹುಟ್ಟುವ ಅಮೋನಿಯ ನಾರನ್ನು ಸಡಿಲಿಸುತ್ತದೆ; ಪ್ರೋಟೀನಿನ ಲೆಕ್ಕವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಿನ್ನಿಸುವ ಮುನ್ನ ಹರವಿ ಘಾಟು ಹೋಗಲು ಬಿಡಬೇಕು. ಎಳೆಗರುಗಳಿಗೆ ಇದು ಸಲ್ಲದು. ಯೂರಿಯವನ್ನು ಹಾಗೆಯೇ ನೆಕ್ಕಿದರಂತೂ ಹಸು ಸತ್ತೇಹೋಗಬಹುದು.

"ಗೋವಿಗೆ ಗೊಬ್ಬರ ತಿನ್ನಿಸ್ತೀಯೇನೋ?" ಎಂದು ಅಮ್ಮ ಅಡ್ಡ ನಿಂತಳು. ಅವಳ ಅಂಜಿಕೆ ತಪ್ಪೆನ್ನಲಾರೆ. ಆದ್ದರಿಂದ ಮೊದಲು ಬೇರೆ ದಾರಿ ಹಿಡಿದೆವು. ಪಕ್ಕದ ಹೊಲದವರು ಕಾಯಿ ಬಿಡಿಸಿ ಬಿಟ್ಟಿದ್ದ ಕಡಲೆಕಾಯಿ ಬಳ್ಳಿಯನ್ನು ಹೊತ್ತು ತಂದೆವು. ಎಲೆ ಉಳಿದ ಬಳ್ಳಿಯಲ್ಲಿ 8ರಿಂದ 12 ಭಾಗ ಪ್ರೋಟೀನ್ ಇರುತ್ತದೆ. ಎಲೆ ಉದುರಿದರೆ ಬರಿಯ ಕಡ್ಡಿ. ಕಡಲೆಕಾಯಿ ಹಿಂಡಿಯಲ್ಲಿ 40 ಭಾಗಕ್ಕೂ ಮೇಲು, ಆದರೆ ಬೆಲೆ ಕೇಳಿ ಅಪ್ಪ ಅರ್ಧ ಚೀಲಕ್ಕೇ ನಿಂತರು. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕಿತ್ತು. ಅದರ ವಿಷ ಹಾಲಿಗೂ ಇಳಿಯುವುದೆಂದು ತಿಳಿದು ಬಿಟ್ಟುಬಂದೆವು.

ಹುಲ್ಲು ಬಳ್ಳಿ ಸಮನಾಗಿ ಬೆರೆಸಿ, ಮೇಲೊಂದಿಷ್ಟು ಹಿಂಡಿ ಇಟ್ಟೆವು. ಮೂರು ವಾರದಲ್ಲಿ ಹಾಲು ಏಳು ಲೀಟರಿಗೆ ಬಂತು. ಎಂಟಕ್ಕೆ ಏರಲಿಲ್ಲ, ಹಸಿಮೇವಿಗೆ ನಮ್ಮಲ್ಲಿ ನೀರಿಲ್ಲ. ಈ ಬೇಸಿಗೆಯಲ್ಲಿ ಒಂದು ಸಣ್ಣ ಗುಡ್ಡೆ ಹುಲ್ಲಿಗೆ ಯೂರಿಯ ಹಾಕಿ ನೋಡಲು ಅಮ್ಮ ಒಪ್ಪಿದ್ದಾಳೆ, ಚೀಲಕ್ಕೆ ಬೀಗ ಹಾಕಿಡಬೇಕೆಂಬ ಕರಾರಿನ ಮೇಲೆ.