ಗುಳೆಯ ನಾಡಿನಲ್ಲಿ ದೈವಕರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದೊಡನೆ ವಾಚಕರ ಮನಸ್ಸಿಗೆ ಬರುವುದು ಸಿಮೆಂಟಿನ ಧೂಳು, ಫರ್ಸಿ ಕಲ್ಲಿನ ಗಣಿ, ತೊಗರಿಯ ಹೊಲ ಮತ್ತು ರೈಲಿನ ಸಿಳ್ಳು. ಗುರುಜೀವನದ ದೈವಕರೆಯ ಕುರಿತು ಬರೆಯಹೊರಟವರು ಸಾಮಾನ್ಯವಾಗಿ ಮಂಗಳೂರಿನತ್ತಲೋ ಬೆಂಗಳೂರಿನತ್ತಲೋ ಮುಖಮಾಡುತ್ತಾರೆ. ಅದು ಸಹಜವೇ ಸರಿ. 1879ರಲ್ಲಿ ಆರಂಭವಾದ ಮಂಗಳೂರಿನ ಸಂತ ಜೋಸೆಫರ ಗುರುಮಠವೂ, 1778ರಲ್ಲಿ ಪುದುಚೇರಿಯಲ್ಲಿ ಹುಟ್ಟಿ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದ ಸಂತ ಪೇತ್ರರ ಗುರುಮಠವೂ ಇರುವುದು ಆ ಕಡೆಯಲ್ಲಿಯೇ. ಆದರೆ ಈ ವಾರ ನಾವು ಕಾಗಿಣಾ ನದಿಯ ಸೀಮೆಯ ಶಾಲಾಮಕ್ಕಳನ್ನು ಕುರಿತು ನಾಲ್ಕು ಮಾತು ಬರೆಯಬಯಸುತ್ತೇವೆ.

ಈ ಭಾಗದ ಕಥೋಲಿಕ ಸಮುದಾಯದ ಒಂದು ದೊಡ್ಡ ಪಾಲು ರೈಲುಹಳಿಯ ಗುಂಟ ಬಂದದ್ದು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ಹಳಿ 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆಯಿತು. ಮುಂದೆ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಆರಂಭವಾಯಿತು. ತೆಲುಗು, ತಮಿಳು, ಕೊಂಕಣಿ, ಮಲಯಾಳ ಭಾಷೆಗಳ ಕುಟುಂಬಗಳು ಕ್ವಾರ್ಟರ್ಸುಗಳಲ್ಲಿ ನೆಲೆಸಿ, ಮೊದಲು ಮನೆಯ ಗೋಡೆಯ ಮೇಲೆ ಮಾತೆ ಮರಿಯಮ್ಮನವರ ಪಟವನ್ನು ತೂಗುಹಾಕಿ, ಆಮೇಲೆ ದೇವಾಲಯವನ್ನು ಕೇಳಿದವು. ಊರಿನ ಮೂಲನಿವಾಸಿ ಬಡಕುಟುಂಬಗಳೂ ತಾಂಡಾಗಳ ಕೆಲವು ಮನೆಗಳೂ ಬೇರೆ ದಾರಿಯಿಂದ ಬಂದು ಇದೇ ಸಮುದಾಯದಲ್ಲಿ ಸೇರಿದವು. 2005ನೆಯ ಇಸವಿ ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನನೋತ್ಸವದ ದಿನ, ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಗುಲ್ಬರ್ಗ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂದರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಮಂಗಳೂರಿನಂತಹ ಪ್ರಾಂತ್ಯಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಇನ್ನೂ ಎಳೆಯ ಕೂಸು.

ಈ ಎಳೆಯ ಪ್ರಾಂತ್ಯಕ್ಕೆ ಗುರುಗಳು ಬಹುಮಟ್ಟಿಗೆ ಹೊರಗಿನಿಂದಲೇ ಬಂದರು. ಕರಾವಳಿಯಿಂದ, ದಕ್ಷಿಣದ ಜಿಲ್ಲೆಗಳಿಂದ, ನೆರೆರಾಜ್ಯಗಳಿಂದ ಬಂದವರು ಇಲ್ಲಿನ ಬಿಸಿಲನ್ನು ಸಹಿಸಿ, ಜೋಳದ ರೊಟ್ಟಿಗೆ ಒಗ್ಗಿಕೊಂಡು, ಇಲ್ಲಿನ ಕನ್ನಡವನ್ನು ಕಲಿತು ಸೇವೆ ಸಲ್ಲಿಸಿದ್ದಾರೆ. ಅವರ ತ್ಯಾಗವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಶಾಲೆಗಳನ್ನು ಕಟ್ಟಿದ್ದಾಯಿತು, ಮಕ್ಕಳು ಸಾಲುಸಾಲಾಗಿ ಬಂದದ್ದಾಯಿತು. ಈ ಮಣ್ಣಿನ ಮಗುವೊಂದು ಬಲಿಪೀಠದ ಮುಂದೆ ಗುರುವಾಗಿ ನಿಲ್ಲುವುದಕ್ಕೆ ನಮ್ಮ ಶಾಲಾಸಮುದಾಯ ಏನು ಮಾಡುತ್ತಿದೆ?

ಶಾಲೆಯೆಂಬುದು ಈ ನೆಲಕ್ಕೆ ಹೊಸದೇನಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ವೇದ ಓದುವ 200 ಮಂದಿ ವಿದ್ಯಾರ್ಥಿಗಳೂ ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತಿ ಭಂಡಾರಿಗರೂ ಅಲ್ಲಿದ್ದರೆಂದು 1058ರ ಶಾಸನ ಹೇಳುತ್ತದೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸ್ಥಳ. ಇಷ್ಟು ಹಳೆಯ ವಿದ್ಯಾಭೂಮಿ ಇಂದು ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ಕೆಳಗಿನ ಸಾಲುಗಳಲ್ಲಿಯೇ ಕಾಣಿಸಿಕೊಳ್ಳುತ್ತಿರುವುದು ನೋವಿನ ಸಂಗತಿ. ತಂದೆತಾಯಂದಿರು ಮಕ್ಕಳ ಕೈಹಿಡಿದು ಕಾನ್ವೆಂಟಿನ ಬಾಗಿಲಿಗೆ ಬರುವುದು ಈ ಕಾರಣಕ್ಕಾಗಿಯೇ ಹೊರತು ಧರ್ಮದ ಕಾರಣಕ್ಕಾಗಿ ಅಲ್ಲ. ತರಗತಿಯಲ್ಲಿ ಕಥೋಲಿಕ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರು ಹಿಂದೂ, ಮುಸ್ಲಿಂ, ಬೌದ್ಧ ಮನೆಗಳವರು. ಅಂತಹ ಅಂಗಳದಲ್ಲಿ ಮಾತೆ ಮರಿಯಮ್ಮನವರ ಗವಿಯೊಂದಿದ್ದರೆ ಅದರ ಮುಂದೆ ಪರೀಕ್ಷೆಯ ದಿನ ಕೈಮುಗಿಯದ ಮಗುವನ್ನು ಹುಡುಕಿ ತರಬೇಕಾಗುತ್ತದೆ! ಪವಿತ್ರ ಕುರಾನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಮರಿಯಮ್ಮನವರದೇ ಹೆಸರು ಎಂಬುದನ್ನು ನಮ್ಮ ಕಥೋಲಿಕ ಮಕ್ಕಳಿಗೆ ಅವರ ಮುಸ್ಲಿಂ ಗೆಳೆಯರೇ ತಿಳಿಸಬೇಕಾದ ಪ್ರಸಂಗವೂ ಉಂಟು. ಈ ಗೌರವವನ್ನು ಯಾರೂ ಬೇರೆ ಲೆಕ್ಕಕ್ಕೆ ಬಳಸಿಕೊಳ್ಳಬಾರದು. ಅದು ಇದ್ದಂತೆಯೇ ಇರಲಿ. ಆದರೆ ಆ ಬೆರಳೆಣಿಕೆಯ ಕಥೋಲಿಕ ಮಕ್ಕಳಿಗೆ ಮಾತೆಯ ಭಕ್ತಿಯು ಪರೀಕ್ಷೆಯ ದಿನದ ಕೈಮುಗಿತಕ್ಕಿಂತ ಹೆಚ್ಚಿನದಾಗಿ ದೊರೆಯುತ್ತಿದೆಯೇ ಎಂಬುದು ಬೇರೆಯೇ ಮಾತು.

ಪಂಚಾಂಗವನ್ನೇ ಸ್ವಲ್ಪ ನೋಡೋಣ. ಮೇ ತಿಂಗಳು ಮಾತೆಯ ತಿಂಗಳು. 24ರಂದು ಕ್ರೈಸ್ತರ ಸಹಾಯಮಾತೆಯ ಹಬ್ಬ. ಆಗ ಇಲ್ಲಿ ಬೆಂಕಿಯಂತಹ ಬಿಸಿಲು, ಶಾಲೆಗೆ ಬೀಗ. ಅಕ್ಟೋಬರ್ ಜಪಸರದ ತಿಂಗಳು. ಅದರ ಬಹುಭಾಗ ದಸರಾ ರಜೆಯಲ್ಲಿ ಕಳೆಯುತ್ತದೆ. ಫೆಬ್ರವರಿ 11ರ ಲೂರ್ದು ಮಾತೆಯ ಹಬ್ಬದ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿ. ಆಗಸ್ಟ್ 15ರ ಸ್ವರ್ಗಾರೋಹಣದ ಹಬ್ಬದಂದು ಧ್ವಜಾರೋಹಣ, ಕವಾಯತು, ಸಿಹಿ ಹಂಚಿಕೆ. ಬಲಿಪೂಜೆ ಅದರ ಮೊದಲೋ ಅನಂತರವೋ ಎಂಬ ಚರ್ಚೆ ಪ್ರತಿವರ್ಷವೂ ತಪ್ಪಿದ್ದಲ್ಲ. ಒಟ್ಟಿನಲ್ಲಿ ಮಕ್ಕಳಿಗೆ ನೆಮ್ಮದಿಯಿಂದ ಸಿಗುವುದು ಸೆಪ್ಟೆಂಬರ್ 8ರ ಮಾತೆಯ ಜನನೋತ್ಸವ ಮತ್ತು ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬ, ಎರಡೇ. ಆದ್ದರಿಂದ ಶಾಲೆಯ ಮಾತೃಭಕ್ತಿ ಹಬ್ಬಗಳನ್ನು ನೆಚ್ಚಿಕೊಂಡು ನಡೆಯಲಾರದು, ಅದು ದಿನನಿತ್ಯದ ಸಣ್ಣ ಅಭ್ಯಾಸವಾಗಬೇಕು ಎಂಬುದು ನಮ್ಮ ಅಭಿಪ್ರಾಯ. ರಜೆಯ ಕಾಲಕ್ಕೆ ಜಪಸರವು ಶಾಲೆಯಿಂದ ಮನೆಗಳಿಗೆ, ಕ್ವಾರ್ಟರ್ಸಿನ ಸಾಲುಗಳಿಗೆ, ರೈಲು ಕಾಣದ ಚಿಂಚೋಳಿಯ ತಾಂಡಾಗಳಿಗೆ ನಡೆದುಹೋಗಬೇಕು.

ದಿನನಿತ್ಯದ ಸಣ್ಣ ಅಭ್ಯಾಸದಿಂದ ಏನಾದೀತು ಎನ್ನುವವರಿಗೆ ಸಂತ ಜಾನ್ ಬೋಸ್ಕೊರವರ ಚರಿತ್ರೆಯೇ ಉತ್ತರ. ಯಾದಗಿರಿ, ದೇವದುರ್ಗ, ಹೊಸಪೇಟೆಗಳಲ್ಲಿ ಅವರ ಸಲೇಸಿಯನ್ ಸಭೆಯವರು ದುಡಿಯುತ್ತಿರುವುದರಿಂದ ಈ ಸಂತರ ಹೆಸರು ನಮ್ಮ ಭಾಗದವರಿಗೆ ಹೊಸದಲ್ಲ. 1841ರ ಡಿಸೆಂಬರ್ 8ರಂದು, ಗುರುದೀಕ್ಷೆಯಾಗಿ ಆರು ತಿಂಗಳು ಕಳೆದಿದ್ದಾಗ, ಟ್ಯೂರಿನ್ ನಗರದ ದೇವಾಲಯವೊಂದರ ವಸ್ತ್ರಾಗಾರದಲ್ಲಿ ಬೈಗುಳ ತಿಂದು ಓಡುತ್ತಿದ್ದ ಬಾರ್ತೊಲೊಮೆಯೊ ಎಂಬ ಅನಾಥ ಹುಡುಗನನ್ನು ಅವರು ಮರಳಿ ಕರೆಸಿ ಮಾತನಾಡಿಸಿದರು. ಅವನು ಗಾರೆಕೆಲಸದವನು, ಓದುಬರಹ ಬಾರದವನು. ಬೋಸ್ಕೊ ಅವನೊಡನೆ ಒಂದು 'ನಮೋ ಮರಿಯ' ಹೇಳಿ ಪಾಠ ತೊಡಗಿಸಿದರು. ತಮ್ಮ ಸಕಲ ಕಾರ್ಯವೂ ಆ ಒಂದು ಪ್ರಾರ್ಥನೆಯಿಂದ ಮೊದಲಾಯಿತೆಂದು ಅವರು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದರು.

ಆದರೆ ಇದಕ್ಕಿಂತಲೂ ನಮ್ಮ ಸೀಮೆಗೆ ಹತ್ತಿರವಾದದ್ದು ಅವರ ಬಾಲ್ಯ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಗುರುವಾಗಬೇಕೆಂಬ ಆಸೆಯಿಂದ ಪುಸ್ತಕ ಹಿಡಿದರೆ ಮಲಅಣ್ಣನಿಗೆ ಸಿಟ್ಟು. ಹೊಲದ ಕೆಲಸ ಯಾರು ಮಾಡಬೇಕು? ಕೊನೆಗೆ ತಾಯಿ ಮಾರ್ಗರಿತಾ ಕಣ್ಣೀರಿನೊಡನೆ ಹುಡುಗನನ್ನು ಮನೆಬಿಟ್ಟು ಕಳುಹಿಸಿದರು. ಹನ್ನೆರಡರ ವಯಸ್ಸಿನಲ್ಲಿ ಮೊಲ್ಯಾ ಎಂಬವರ ಹೊಲಮನೆಯಲ್ಲಿ ಅವನು ಆಳಾಗಿ ಸೇರಿ ಸುಮಾರು ಎರಡು ವರ್ಷ ದುಡಿದ. ಇದನ್ನು ನಮ್ಮ ಮಾತಿನಲ್ಲಿ ಏನೆನ್ನುತ್ತಾರೆ? ಗುಳೆ ಹೋದ ಎನ್ನುತ್ತಾರೆ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ತಾಲ್ಲೂಕುಗಳ ಹಳ್ಳಿ ತಾಂಡಾಗಳಿಂದ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಟುಹೋಗುತ್ತವೆ. ಅಜ್ಜಿಯ ಬಳಿ ಉಳಿದ ಮಗು ಶಾಲೆಗೆ ಬರುತ್ತದೆ. ತಂದೆತಾಯಿಯ ಜೊತೆ ಹೋದ ಮಗು ಹಾಜರಿ ಪುಸ್ತಕದಲ್ಲಿ ಬರಿಯ ಹೆಸರಾಗುತ್ತದೆ. ಇಂತಹ ಮನೆಯ ಹುಡುಗನೊಬ್ಬ ಫಾದರ್ ಆಗುತ್ತೇನೆಂದರೆ ಅವನ ಅವ್ವನ ಎದೆಯಲ್ಲಿ ಮೊದಲು ಏಳುವುದು ಹರ್ಷವಲ್ಲ, ಲೆಕ್ಕ. ಧರ್ಮಸಭೆಯ ಕಾನೂನಿನಂತೆ ಎರಡು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ. ಅದರ ಮೇಲೆ ಪೂರ್ವಸಿದ್ಧತೆ, ಪದವಿ, ಸೇವಾವಧಿ ಎಲ್ಲ ಸೇರಿದರೆ ಹತ್ತು ವರ್ಷಕ್ಕೂ ಮೀರಿದ ದಾರಿ. ದುಡಿಯಬೇಕಾದ ಮಗ ಅಷ್ಟು ಕಾಲ ದುಡಿಯುವುದಿಲ್ಲ, ಆಮೇಲೂ ಮನೆಗೆ ದುಡಿದು ಹಾಕುವುದಿಲ್ಲ. ಇಲ್ಲಿ ತಾಯಿಯನ್ನು ಅಲ್ಪವಿಶ್ವಾಸಿಯೆಂದು ಗದರುವವರು ಅವಳ ಒಲೆಯನ್ನು ಕಂಡವರಲ್ಲ. ಗುರುಮಠದ ಖರ್ಚಿನ ಭಾರವನ್ನು ಆ ಮನೆಯ ಮೇಲೆ ಹೊರಿಸದೆ ಧರ್ಮಪ್ರಾಂತ್ಯವೂ ಉಳ್ಳ ಭಕ್ತರೂ ಹೊರುವುದು, ಆ ಮನೆಯ ಉಳಿದ ಮಕ್ಕಳ ಓದಿಗೆ ಶಾಲೆ ಕೈಹಿಡಿಯುವುದು, ಇವು ದೈವಕರೆಗಾಗಿ ನಾವು ಸಲ್ಲಿಸುವ ಪ್ರಾರ್ಥನೆಯ ಅರ್ಧಭಾಗವೆಂದೇ ನಾವು ತಿಳಿಯುತ್ತೇವೆ.

ಇನ್ನರ್ಧವು ಗುರುತಿಸುವ ಕೆಲಸ. ಪವಿತ್ರ ಗ್ರಂಥದ ಬಾಲಕ ಸಮುವೇಲನಿಗೆ ದೇವರ ಧ್ವನಿ ರಾತ್ರಿಯಲ್ಲಿ ಮತ್ತೆ ಮತ್ತೆ ಕೇಳಿಸಿತು. ಪ್ರತಿ ಸಲವೂ ಅವನು ಎದ್ದು ಓಡಿದ್ದು ಮುದಿಯಾಜಕ ಏಲಿಯ ಬಳಿಗೆ. ಕರೆದವರು ಯಾರೆಂದು ತಿಳಿದದ್ದು ಹುಡುಗನಿಗಲ್ಲ, ಕಣ್ಣು ಮಂಜಾಗಿದ್ದ ಆ ಮುದುಕನಿಗೆ. ನಮ್ಮ ಶಾಲೆಗಳಲ್ಲಿ ಆ ಏಲಿಯ ಜಾಗದಲ್ಲಿ ಕುಳಿತವರು ಸಿಸ್ಟರುಗಳು, ಉಪದೇಶಿಗಳು, ಕನ್ನಡ ಪಂಡಿತರು, ದೈಹಿಕ ಶಿಕ್ಷಕರು. ಅವರ ಕಣ್ಣು ಹೆಚ್ಚಾಗಿ ಇಂಗ್ಲಿಷನ್ನು ಪಟಪಟನೆ ಮಾತನಾಡುವ, ವೇದಿಕೆಯಲ್ಲಿ ಮಿಂಚುವ ಹುಡುಗರ ಮೇಲೆ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಆಡುವ, ತಂಗಿಗೆ ತನ್ನ ಬುತ್ತಿಯನ್ನು ಬಿಚ್ಚಿಕೊಡುವ ಹುಡುಗನನ್ನು ಕರೆದು, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವವರು ವಿರಳ. ನಜರೇತೂ ಹೆಸರಾಂತ ಊರಾಗಿರಲಿಲ್ಲ. ಅಲ್ಲಿ ದೇವದೂತನ ಮಾತನ್ನು ಕೇಳಿದ ಕನ್ಯೆ ಇದು ಹೇಗಾದೀತು ಎಂದು ಎದುರು ಕೇಳಿಯೇ ಅನಂತರ ಒಪ್ಪಿದಳು. ಮಕ್ಕಳಿಗೂ ಕೇಳಲು, ಸಂದೇಹಪಡಲು, ಬೇಡವೆನ್ನಲು ಅವಕಾಶವಿರಬೇಕು. ಗುರುಮಠದಿಂದ ಹಿಂತಿರುಗಿದ ಹುಡುಗನನ್ನು ಸೋತವನಂತೆ ಕಾಣುವ ಚಾಳಿ ನಮ್ಮ ಸಭೆಗಳಿಂದ ತೊಲಗಬೇಕು. ಗುರುವಾಗಬೇಕೆಂದು ಬೋಸ್ಕೊರವರ ಶಾಲೆಗೆ ಬಂದು, 1856ರಲ್ಲಿ ಗೆಳೆಯರೊಡನೆ ಅಮಲೋದ್ಭವ ಮಾತೆಯ ಕೂಟವನ್ನು ಕಟ್ಟಿದ ದೊಮಿನಿಕ್ ಸಾವಿಯೊ ಹದಿನೈದು ತುಂಬುವ ಮೊದಲೇ ತೀರಿಕೊಂಡ. ಗುರುವಾಗದಿದ್ದರೂ 1954ರಲ್ಲಿ ಸಂತನೆಂದು ಘೋಷಿತನಾದ.

2020ರ ಜೂನ್ ತಿಂಗಳಲ್ಲಿ, ದೇಶದ ಹೆದ್ದಾರಿಗಳಲ್ಲಿ ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು ನಡೆದ ಬೇಸಿಗೆಯ ಬೆನ್ನಿಗೇ, ಜಗದ್ಗುರು ಫ್ರಾನ್ಸಿಸರು ಮಾತೆಯ ಸ್ತುತಿಮಾಲೆಗೆ ಮೂರು ಹೊಸ ಬಿರುದುಗಳನ್ನು ಸೇರಿಸಿದರು. ಅವುಗಳಲ್ಲಿ ಒಂದು ವಲಸಿಗರ ಸಾಂತ್ವನವೆಂಬ ಅರ್ಥದ್ದು. ಈ ಐದು ಊರುಗಳಲ್ಲಿ ಅದನ್ನು ಹೇಳುವಾಗ ಗ್ರಂಥದ ಮಾತಿನ ಬದಲು ಮನೆಮಾತನ್ನೇ ಬಳಸಿ, ಗುಳೆ ಹೋದವರ ತಾಯೇ ಎಂದರೆ ಹಿಂದಿನ ಬೆಂಚಿನ ಹುಡುಗನಿಗೂ ಅರ್ಥವಾದೀತು. ಬರುವ ಅಕ್ಟೋಬರಿನ ಜಪಸರಕ್ಕೆ ತಾಂಡಾಗಳ ದಾರಿ ಹಿಡಿಯುವ ಗುರುಗಳು ಜೊತೆಯಲ್ಲಿ ಇಬ್ಬರು ಶಿಕ್ಷಕರನ್ನೂ ಶಾಲೆಯ ಹಾಜರಿ ಪುಸ್ತಕವನ್ನೂ ಕೊಂಡೊಯ್ಯಲೆಂದು ನಮ್ಮ ಸವಿನಯ ಸೂಚನೆ.